ಫೋಟೊದಲ್ಲಿ ಸಿಗುವ ಕಣ ಸ್ಲೈಡಿನಲ್ಲಿ ಯಾಕೆ ಸಿಗುವುದಿಲ್ಲ?

ಮೈಕ್ರೋಸ್ಕೋಪಿಗೆ ಮೊದಲ ಸಲ ಕಣ್ಣಿಟ್ಟವರಿಗೆ ಮೊದಲು ಕಾಣುವುದು ತಮ್ಮದೇ ರೆಪ್ಪೆಗೂದಲು. ಕಪ್ಪಗೆ, ಉದ್ದುದ್ದ ಇರುತ್ತವೆ. ಕಣ್ಣು ಮಿಟುಕಿಸಿದಾಗೆಲ್ಲ ಅಲುಗಾಡುತ್ತವೆ. "ಸರ್, ಒಳಗ ಏನೋ ಹುಳ ಅದಾವ್ರಿ" ಎಂದು ಗಾಬರಿಯಿಂದ ಹಿಂದೆ ಸರಿದ ಹುಡುಗಿಯೊಬ್ಬಳು ನನಗೆ ಇವತ್ತಿಗೂ ನೆನಪಿದ್ದಾಳೆ. ಹುನಗುಂದ ಕಡೆಯ ಹಳ್ಳಿಯವಳು. 2020ರ ಲಾಕ್‌ಡೌನ್‌ನಲ್ಲಿ ಕಾಲೇಜು ಮುಚ್ಚಿದಾಗ ಮನೆಯ ಮಾಳಿಗೆ ಹತ್ತಿ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಕೂತು, ತಿಂಗಳುಗಟ್ಟಲೆ ಕ್ಲಾಸ್ ಕೇಳಿದವಳು. ಫೋನಿನಲ್ಲಿ ಯಾವ ಬಿಳಿ ರಕ್ತಕಣದ ಫೋಟೊ ತೋರಿಸಿದರೂ ಎರಡು ಸೆಕೆಂಡಿನಲ್ಲಿ ಹೆಸರು ಹೇಳುತ್ತಿದ್ದಳು. ಅಂಥವಳು ಲ್ಯಾಬಿಗೆ ಬಂದ ಮೊದಲ ದಿನ ಇಪ್ಪತ್ತು ನಿಮಿಷ ಕೂತರೂ ಬಿಳಿ ಕಣಗಳಲ್ಲೇ ಹೆಚ್ಚು ಸಿಗುವ ನ್ಯೂಟ್ರೋಫಿಲ್ ಒಂದನ್ನೂ ಹುಡುಕಲಾಗಲಿಲ್ಲ. ಕೊನೆಗೆ ಅತ್ತೇಬಿಟ್ಟಳು.

ಅವಳ ಓದಿನಲ್ಲಿ ಕೊರತೆ ಇರಲಿಲ್ಲ. ಕಲಿಸಿದ ನಾವು ಒಂದು ಮಾತು ಹೇಳಿರಲಿಲ್ಲ ಅಷ್ಟೇ. ಫೋಟೊದಲ್ಲಿ ಇರುವ ಕಣವನ್ನು ಯಾರೋ ಆಗಲೇ ಹುಡುಕಿ, ಫೋಕಸ್ ಮಾಡಿ, ನಡುವೆ ತಂದು ಇಟ್ಟಿರುತ್ತಾರೆ. ಲ್ಯಾಬಿನ ಕೆಲಸ ಶುರುವಾಗುವುದು ಅದಕ್ಕಿಂತ ಎಷ್ಟೋ ಮುಂಚೆ.

ಬಾಗಲಕೋಟೆಯಲ್ಲಿ ಲ್ಯಾಬ್ ಕೆಲಸ ಮಾಡುತ್ತಾ, ಡಿಎಂಎಲ್‌ಟಿ ಮತ್ತು ಬಿಎಸ್ಸಿ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಹುಡುಗರಿಗೆ ಪ್ರಾಕ್ಟಿಕಲ್ ಹೇಳಿಕೊಡುತ್ತಾ ಬಂದಿದ್ದೇನೆ. ಆನ್‌ಲೈನ್ ಕಲಿಕೆ ಬಗ್ಗೆ ಎರಡು ಬಗೆಯ ಮಾತು ಜಾಸ್ತಿ ಕೇಳುತ್ತೇನೆ. ಒಬ್ಬರು "ಈಗ ಎಲ್ಲಾ ಯೂಟ್ಯೂಬ್‌ನಾಗ ಐತಿ" ಅನ್ನುತ್ತಾರೆ. ಇನ್ನೊಬ್ಬರು "ಫೋನ್ ನೋಡಿ ಯಾರಾದರೂ ಲ್ಯಾಬ್ ಕೆಲಸ ಕಲಿಯುತ್ತಾರಾ" ಅನ್ನುತ್ತಾರೆ. ಎರಡೂ ಪೂರ್ತಿ ಸರಿಯಿಲ್ಲ. ಪರದೆ ಯಾವುದನ್ನು ಚೆನ್ನಾಗಿ ಕಲಿಸುತ್ತದೆ, ಯಾವುದನ್ನು ಕಲಿಸಲಾರದು, ಅದಕ್ಕೆ ಕಾರಣ ಏನು ಎಂಬುದನ್ನು ಸ್ವಲ್ಪ ಒಳಹೊಕ್ಕು ನೋಡೋಣ.

ಗಾಜಿನ ಸ್ಲೈಡು ಫೋನಿಗೆ ಬರುವ ಬಗೆ

ಈಗ ದೊಡ್ಡ ಕಾಲೇಜುಗಳಲ್ಲಿ ಡಿಜಿಟಲ್ ಸ್ಲೈಡ್ ಎಂಬುದು ಬಳಕೆಗೆ ಬಂದಿದೆ. ಇದು ಸಾಮಾನ್ಯ ಫೋಟೊ ಅಲ್ಲ. ಒಂದು ಸ್ಕ್ಯಾನರ್ ಗಾಜಿನ ಸ್ಲೈಡನ್ನು ಸಣ್ಣ ಸಣ್ಣ ತುಂಡುಗಳಾಗಿ ಚಿತ್ರ ತೆಗೆಯುತ್ತದೆ. ಆಮೇಲೆ ಆ ತುಂಡುಗಳನ್ನೆಲ್ಲ ಕೌದಿ ಹೊಲಿದ ಹಾಗೆ ಜೋಡಿಸುತ್ತದೆ. ಕಲಿಯುವವರು ಫೋನಿನಲ್ಲೋ ಕಂಪ್ಯೂಟರ್‌ನಲ್ಲೋ ಅದನ್ನು ತೆರೆದು ಆಚೀಚೆ ಸರಿಸಬಹುದು, ದೊಡ್ಡದು ಮಾಡಿ ನೋಡಬಹುದು.

ಇದರ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. 40 ಎಕ್ಸ್ ಲೆನ್ಸ್ ಇರುವ ಸ್ಕ್ಯಾನರ್‌ನಲ್ಲಿ ಒಂದು ಪಿಕ್ಸೆಲ್ ಅಂದರೆ ಸಾಮಾನ್ಯವಾಗಿ 0.25 ಮೈಕ್ರಾನ್ ಜಾಗ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಸ್ಲೈಡಿನ ಮೇಲೆ ಉದ್ದಗಲ 15 ಮಿಲಿಮೀಟರ್ ಇರುವ ಜಾಗ ಸ್ಕ್ಯಾನ್ ಮಾಡಿದರೆ ಉದ್ದಕ್ಕೆ 60,000 ಪಿಕ್ಸೆಲ್, ಅಗಲಕ್ಕೆ 60,000 ಪಿಕ್ಸೆಲ್. ಒಟ್ಟು 360 ಕೋಟಿ. ಪ್ರತಿ ಪಿಕ್ಸೆಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಹಿಡಿದರೆ 10 ಜಿಬಿಗಿಂತ ಹೆಚ್ಚು. ಕುಗ್ಗಿಸಿ ಇಟ್ಟ ಮೇಲೂ ಫೈಲು ದೊಡ್ಡದೇ.

ಅಷ್ಟು ದೊಡ್ಡದು ಹಳ್ಳಿಯ ನೆಟ್‌ವರ್ಕಿನಲ್ಲಿ ಹೇಗೆ ತೆರೆಯುತ್ತದೆ? ಫೋನಿನ ಮ್ಯಾಪ್ ನೆನಪಿಸಿಕೊಳ್ಳಿ. ಇಡೀ ದೇಶದ ನಕ್ಷೆ ನಿಮ್ಮ ಫೋನಿಗೆ ಇಳಿಯುವುದಿಲ್ಲ. ನೀವು ನೋಡುತ್ತಿರುವ ಓಣಿಯ ತುಂಡು ಮಾತ್ರ ಬರುತ್ತದೆ. ಡಿಜಿಟಲ್ ಸ್ಲೈಡ್ ಕೂಡ ಹಾಗೇ. ದೂರದಿಂದ ನೋಡುವಾಗ ಮಸುಕಾದ ಒಂದು ಚಿಕ್ಕ ಚಿತ್ರ ಸಾಕು. ಹತ್ತಿರ ಹೋದಂತೆ ಅಷ್ಟು ಜಾಗದ ತುಂಡುಗಳನ್ನು ಮಾತ್ರ ತರಿಸಿಕೊಳ್ಳುತ್ತದೆ. ಹಾಗಾಗಿ ಒಂದು ಗಂಟೆ ವಿಡಿಯೋ ಕ್ಲಾಸ್ ನಡುನಡುವೆ ನಿಂತುಹೋಗುವ ಊರಿನಲ್ಲೂ ಡಿಜಿಟಲ್ ಸ್ಲೈಡನ್ನು ಎಷ್ಟೋ ಸಲ ಸಮಾಧಾನವಾಗಿ ನೋಡಬಹುದು.

ಆದರೆ ಎಲ್ಲ ಸ್ಲೈಡಿಗೂ ಇದು ಹೊಂದುವುದಿಲ್ಲ. ಇದನ್ನು ಹುಡುಗರಿಗೆ ಪಿಕ್ಸೆಲ್ ಲೆಕ್ಕದಲ್ಲೇ ತೋರಿಸುತ್ತೇನೆ. ಕೆಂಪು ರಕ್ತಕಣದ ಅಗಲ ಸುಮಾರು 7ರಿಂದ 8 ಮೈಕ್ರಾನ್. ಅಂದರೆ ಪರದೆಯಲ್ಲಿ ಅದಕ್ಕೆ ಸಿಗುವುದು ಸುಮಾರು 30 ಪಿಕ್ಸೆಲ್. ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ ರೋಗಾಣು ಕಣದ ಒಳಗೆ ಉಂಗುರದ ಹಾಗೆ ಕಾಣುತ್ತದೆ. ಆ ರಿಂಗ್ ಕಣದ ಐದನೇ ಒಂದು ಭಾಗದಷ್ಟು ಇರುತ್ತದೆ. ಅದಕ್ಕೆ ಉಳಿಯುವುದು 6 ಪಿಕ್ಸೆಲ್. ಟಿಬಿ ರೋಗಾಣು ಇನ್ನೂ ತೆಳ್ಳಗೆ, ಅರ್ಧ ಮೈಕ್ರಾನಿಗಿಂತ ಕಡಿಮೆ ದಪ್ಪ. ಒಂದೆರಡು ಪಿಕ್ಸೆಲಿನ ಗೆರೆ! ಅದನ್ನು ನೋಡಿ ಏನು ಹೇಳುವುದು? ಅಂಗಾಂಶದ ಬಯಾಪ್ಸಿ ಸ್ಲೈಡಿಗೆ ಈ ಸ್ಕ್ಯಾನ್ ತುಂಬಾ ಒಳ್ಳೆಯದು. ಮಲೇರಿಯಾಕ್ಕೂ ಕಫದ ಟಿಬಿ ಸ್ಲೈಡಿಗೂ 100 ಎಕ್ಸ್ ಆಯಿಲ್ ಲೆನ್ಸ್ ಬೇಕು.

ಎಣ್ಣೆ ಯಾಕೆ ಹಾಕುತ್ತೇವೆ ಎಂಬುದೂ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯೇ. ಬೆಳಕು ಗಾಜಿನಿಂದ ಗಾಳಿಗೆ ಹೋಗುವಾಗ ಬಾಗುತ್ತದೆ. ಬಾಗಿದ ಬೆಳಕಿನಲ್ಲಿ ಒಂದಿಷ್ಟು ಲೆನ್ಸಿಗೆ ಸೇರದೆ ಪಕ್ಕಕ್ಕೆ ಹೋಗುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.52, ಎಣ್ಣೆಯದು 1.515. ಹೆಚ್ಚುಕಡಿಮೆ ಒಂದೇ. ನಡುವೆ ಎಣ್ಣೆ ಇದ್ದರೆ ಬೆಳಕಿಗೆ ತಾನು ಗಾಜು ಬಿಟ್ಟೆ ಎಂದೇ ಗೊತ್ತಾಗುವುದಿಲ್ಲ, ನೇರ ಲೆನ್ಸಿಗೆ ಹೋಗುತ್ತದೆ. ಈ ವಿವರಣೆಗೆ ಒಂದು ಅನಿಮೇಷನ್ ಸಾಕು. ಬೋರ್ಡಿನ ಮೇಲೆ ನಾನು ಎಷ್ಟು ಸಲ ಗೆರೆ ಎಳೆದರೂ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ.

ಆದರೆ ಎಣ್ಣೆ ಹಾಕಿದ ಮೇಲೆ ಲೆನ್ಸ್ ಇಳಿಸುವುದಿದೆಯಲ್ಲ, ಅದು ಬೇರೆ ವಿಷಯ. ಆ ಲೆನ್ಸಿಗೂ ಗಾಜಿಗೂ ನಡುವೆ ಇರುವ ಜಾಗ ಒಂದೆರಡು ಕಾಗದದ ದಪ್ಪದಷ್ಟು. ಸ್ವಲ್ಪ ಜಾಸ್ತಿ ಇಳಿದರೆ ಸ್ಲೈಡ್ ಪಟ್ ಅನ್ನುತ್ತದೆ. ಲಾಕ್‌ಡೌನ್ ಮುಗಿದು ಹುಡುಗರು ಬಂದ ಮೊದಲ ವಾರ ನಮ್ಮಲ್ಲಿ ಎಷ್ಟು ಸ್ಲೈಡ್ ಒಡೆದವು ಎಂದು ಲೆಕ್ಕ ಇಡಲಿಲ್ಲ. ಎಣ್ಣೆ ಇರುವ ಸ್ಲೈಡಿನ ಮೇಲೆ 40 ಎಕ್ಸ್ ಲೆನ್ಸ್ ತಿರುಗಿಸಿ, ಅದಕ್ಕೂ ಎಣ್ಣೆ ಮೆತ್ತಿ, ಎಲ್ಲಾ ಮಂಜು ಮಂಜು ಮಾಡಿಕೊಂಡವರೂ ಇದ್ದರು. ಅವರೆಲ್ಲ ಆನ್‌ಲೈನ್ ಟೆಸ್ಟಿನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವರೇ.

ಫೋಕಸ್ ವಿಷಯದಲ್ಲೂ ಹೀಗೇ. ಸ್ಕ್ಯಾನ್ ಮಾಡಿದ ಸ್ಲೈಡಿನಲ್ಲಿ ಸಾಮಾನ್ಯವಾಗಿ ಒಂದೇ ಪದರದ ಚಿತ್ರ ಇರುತ್ತದೆ. ನಿಜವಾದ ಸ್ಲೈಡಿನಲ್ಲಿ ನಮ್ಮ ಎಡಗೈ ಬೆರಳು ಫೈನ್ ಫೋಕಸ್ ಗುಂಡಿ ಬಿಡುವುದೇ ಇಲ್ಲ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಆಡಿಸುತ್ತಲೇ ಇರುತ್ತೇವೆ. ಕೆಂಪು ಕಣದ ಮೇಲೆ ಒಂದು ಪ್ಲೇಟ್ಲೆಟ್ ಕೂತಿದ್ದರೆ ಮಲೇರಿಯಾದ ಹಾಗೆಯೇ ಕಾಣುತ್ತದೆ. ಗುಂಡಿ ತಿರುಗಿಸಿದಾಗ ಅದು ಕಣದ ಒಳಗಿದೆಯೋ ಮೇಲಿದೆಯೋ ಎಂದು ತಿಳಿಯುತ್ತದೆ. ಮೂತ್ರದ ಸ್ಲೈಡಿನಲ್ಲಿ ಹಯಲಿನ್ ಕಾಸ್ಟ್ (ಮೂತ್ರಪಿಂಡದಲ್ಲಿ ಆಗುವ, ಗಾಜಿನಂತೆ ತಿಳಿಯಾದ ಕೊಳವೆಯಾಕಾರದ ತುಣುಕು) ಹುಡುಕಬೇಕಾದರೆ, ಸ್ಲೈಡಿನ ಕೆಳಗಿಂದ ಬೆಳಕು ಕೂಡಿಸುವ ಕಂಡೆನ್ಸರ್ ಇಳಿಸಿ ಬೆಳಕು ಕಡಿಮೆ ಮಾಡಬೇಕು. ಬೆಳಕು ಜಾಸ್ತಿ ಇದ್ದರೆ ಅದು ಕಣ್ಣೆದುರಿಗೇ ಇದ್ದರೂ ಕಾಣುವುದಿಲ್ಲ. ಇದನ್ನು ಓದಿ ತಿಳಿಯಬಹುದು. ಕೈ ತಾನಾಗಿ ಕಂಡೆನ್ಸರ್ ಕಡೆಗೆ ಹೋಗಬೇಕಾದರೆ ಮಾತ್ರ ಹತ್ತಾರು ದಿನ ಅದರ ಮುಂದೆ ಕೂತಿರಬೇಕು.

ಏನೂ ಇಲ್ಲದ ಸ್ಲೈಡಿನ ಪಾಠ

ಆನ್‌ಲೈನ್ ಕ್ವಿಜ್‌ಗಳಲ್ಲಿ ನನಗೆ ಕಂಡ ಒಂದು ದೊಡ್ಡ ತೊಂದರೆ ಇದೆ. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಕ್ವಿಜ್‌ನಲ್ಲಿ ಪ್ರತಿ ಫೋಟೊದಲ್ಲೂ ಏನಾದರೂ ಇರುತ್ತದೆ. ಮಲೇರಿಯಾ ಇರುತ್ತದೆ, ಆನೆಕಾಲು ರೋಗದ ಮೈಕ್ರೋಫೈಲೇರಿಯಾ ಇರುತ್ತದೆ, ರಕ್ತದ ಕ್ಯಾನ್ಸರಿನ ಬ್ಲಾಸ್ಟ್ ಕಣ ಇರುತ್ತದೆ. "ಇದು ಯಾವುದು" ಎಂಬುದೇ ಪ್ರಶ್ನೆ. ನಿಜವಾದ ಲ್ಯಾಬಿನಲ್ಲಿ ಬರುವ ಸ್ಲೈಡುಗಳಲ್ಲಿ ಜಾಸ್ತಿ ಪಾಲು ನಾರ್ಮಲ್. ಅಲ್ಲಿನ ಮೊದಲ ಪ್ರಶ್ನೆ "ಏನಾದರೂ ಇದೆಯಾ" ಎಂಬುದು. ಅದಕ್ಕೆ ಉತ್ತರ ಹೇಳಲು ಎಷ್ಟು ನೋಡಬೇಕು? ಮಲೇರಿಯಾಕ್ಕೆ ಗಾಜಿನ ಮೇಲೆ ರಕ್ತ ಹಚ್ಚಿ ಮಾಡಿದ ದಪ್ಪ ಸ್ಮಿಯರ್‌ನಲ್ಲಿ ಕನಿಷ್ಠ 100 ಆಯಿಲ್ ಫೀಲ್ಡ್ (ಎಣ್ಣೆ ಲೆನ್ಸಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗ ಒಂದು ಫೀಲ್ಡ್) ನೋಡಿದ ಮೇಲೆಯೇ ನೆಗೆಟಿವ್ ಎಂದು ಬರೆಯಬೇಕು. ಕಫದ ಸ್ಲೈಡಿಗೂ 100 ಫೀಲ್ಡ್. ಆ ನೂರರಲ್ಲಿ ಒಟ್ಟು 1ರಿಂದ 9 ಟಿಬಿ ರೋಗಾಣು ಸಿಕ್ಕರೆ "ಸ್ಕ್ಯಾಂಟಿ" ಎಂದು ಸಂಖ್ಯೆ ಸಮೇತ ಬರೆಯುತ್ತೇವೆ. 10ರಿಂದ 99 ಸಿಕ್ಕರೆ "1 ಪ್ಲಸ್". ಸ್ಕ್ಯಾಂಟಿ ಇರುವ ರೋಗಿಯ ಸ್ಲೈಡಿನಲ್ಲಿ ಮೊದಲ ಅರವತ್ತು ಫೀಲ್ಡ್ ಪೂರ್ತಿ ಖಾಲಿ ಇರಬಹುದು. ಅರವತ್ತಕ್ಕೇ ಬೇಸರಪಟ್ಟು ಎದ್ದುಬಿಟ್ಟರೆ ಆ ರೋಗಿ ಕೆಮ್ಮುತ್ತಾ ಮನೆಗೆ ಹೋಗುತ್ತಾನೆ. ಮನೆಯಲ್ಲಿ ಮಕ್ಕಳಿರುತ್ತಾರೆ.

ಬೇಸರ ತಡೆದುಕೊಂಡು ನೂರನೇ ಫೀಲ್ಡಿನವರೆಗೆ ಅದೇ ಎಚ್ಚರದಿಂದ ನೋಡುವುದು ಈ ಕೆಲಸದ ನಡುಗಂಬ. ಹತ್ತು ಸೆಕೆಂಡಿಗೆ ಒಂದು ಫೋಟೊ ಬದಲಾಗುವ ಕ್ವಿಜ್ ಇದಕ್ಕೆ ಉಲ್ಟಾ ಅಭ್ಯಾಸ ಮಾಡಿಸುತ್ತದೆ. "ಏನೋ ಇದ್ದೇ ಇರುತ್ತದೆ" ಎಂಬ ನಂಬಿಕೆ ಕಣ್ಣಿಗೆ ಬಂದರೆ, ಕಣಗಳಿಗೆ ಬಣ್ಣ ಕೊಡಲು ಹಾಕುವ ಸ್ಟೇನ್‌ನ ಧೂಳೂ ಪರೋಪಜೀವಿಯಾಗಿ ಕಾಣುತ್ತದೆ.

ಇದಕ್ಕೆ ಪರಿಹಾರ ಕಷ್ಟ ಏನಲ್ಲ. ನಾವು ಹುಡುಗರ ಗ್ರೂಪಿಗೆ ಫೋಟೊ ಹಾಕುವಾಗ ಹತ್ತರಲ್ಲಿ ಏಳು ನಾರ್ಮಲ್ ಹಾಕಲು ಶುರು ಮಾಡಿದೆವು. ಉಳಿದ ಮೂರರಲ್ಲಿ ಒಂದು ಸ್ಟೇನ್ ಡಿಪಾಸಿಟ್, ಒಂದು ಕಣದ ಮೇಲೆ ಕೂತ ಪ್ಲೇಟ್ಲೆಟ್, ಒಂದು ನಿಜವಾದ ಮಲೇರಿಯಾ. ಮೊದಮೊದಲು ಎಲ್ಲರೂ ಎಲ್ಲದರಲ್ಲೂ ಮಲೇರಿಯಾ ನೋಡಿದರು. ದಿನ ಕಳೆದಂತೆ "ಸರ್, ಇದರಾಗ ಏನೂ ಇಲ್ರಿ" ಎಂದು ಧೈರ್ಯವಾಗಿ ಬರೆಯಲು ಕಲಿತರು. ಆ ಧೈರ್ಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ವಿಡಿಯೋಗೆ ನಮ್ಮೂರ ನೀರು ಗೊತ್ತಿಲ್ಲ

ಈಗ ಕೈಕೆಲಸಕ್ಕೆ ಬರೋಣ. ರಕ್ತದ ಸ್ಮಿಯರ್ ಎಳೆಯುವುದು ಹೇಗೆ ಎಂದು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಗಾಜಿನ ಒಂದು ತುದಿಯ ಹತ್ತಿರ ಚಿಕ್ಕ ಹನಿ ಇಡಬೇಕು. ಇನ್ನೊಂದು ಗಾಜನ್ನು 30ರಿಂದ 45 ಡಿಗ್ರಿ ಕೋನದಲ್ಲಿ ಹಿಡಿದು ಹನಿಗೆ ತಾಗಿಸಬೇಕು. ರಕ್ತ ಅಂಚಿನುದ್ದಕ್ಕೂ ಹರಡಿದ ಕೂಡಲೇ ಒಂದೇ ಉಸಿರಿಗೆ ಮುಂದೆ ಎಳೆಯಬೇಕು. ಹಿಂದೆ ದಪ್ಪ, ಮುಂದೆ ತೆಳ್ಳಗೆ, ತುದಿಯಲ್ಲಿ ನಾಲಗೆಯ ಹಾಗೆ ಮುಗಿಯಬೇಕು. ನೋಡಲು ಎರಡು ಸೆಕೆಂಡಿನ ಕೆಲಸ.

ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವರನ್ನು ನೋಡಿ. ಹಿಟ್ಟು ಹಳತಾಗಿದ್ದರೆ ಬಿಸಿನೀರು ಸ್ವಲ್ಪ ಜಾಸ್ತಿ ಹಾಕುತ್ತಾರೆ, ಅಂಚು ಸೀಳುತ್ತಿದ್ದರೆ ಪೆಟ್ಟು ಹಗುರ ಮಾಡುತ್ತಾರೆ. ಸ್ಮಿಯರ್‌ನಲ್ಲೂ ಇಂಥದ್ದೇ ತಿದ್ದುಪಡಿ ಬೇಕು. ರಕ್ತಹೀನತೆ ಇರುವವರ ರಕ್ತ ನೀರಾಗಿರುತ್ತದೆ. ಯಾವಾಗಿನ ಕೋನದಲ್ಲಿ ಎಳೆದರೆ ಉದ್ದಕ್ಕೆ ಹರಿದು ಗಾಜಿನ ಆಚೆ ತುದಿ ಮುಟ್ಟುತ್ತದೆ. ಕೋನ ಹೆಚ್ಚಿಸಬೇಕು, ಬೇಗ ಎಳೆಯಬೇಕು. ರಕ್ತ ಗಟ್ಟಿ ಇದ್ದರೆ ಇದರ ಉಲ್ಟಾ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 57 ಜನರಿಗೆ ರಕ್ತಹೀನತೆ ಇದೆ. ಅಂದರೆ ಲ್ಯಾಬಿಗೆ ಬರುವ ಹೆಣ್ಣುಮಕ್ಕಳಲ್ಲಿ ವಿಡಿಯೋದಲ್ಲಿ ತೋರಿಸಿದಂಥ ರಕ್ತ ಎಲ್ಲರದ್ದೂ ಅಲ್ಲ.

ಸ್ಮಿಯರ್ ಒಣಗಿದ ಮೇಲೆ ಲೀಶ್‌ಮನ್ ಸ್ಟೇನ್ ಹಾಕುತ್ತೇವೆ. ಅದರಲ್ಲಿ ಮೆಥನಾಲ್ ಇರುತ್ತದೆ. ಮೊದಲ 2 ನಿಮಿಷ ಅದು ಕಣಗಳನ್ನು ಗಾಜಿಗೆ ಅಂಟಿಸುತ್ತದೆ. ಆಮೇಲೆ ಅದರ ಎರಡರಷ್ಟು ಬಫರ್ ನೀರು (ಆಮ್ಲ, ಕ್ಷಾರ ಏರುಪೇರಾಗದಂತೆ ಹದ ಮಾಡಿದ ನೀರು) ಹಾಕಿ 7ರಿಂದ 10 ನಿಮಿಷ ಬಿಡುತ್ತೇವೆ. ಬಣ್ಣ ಹಿಡಿಯುವುದು ಆಗ. ಬಫರ್‌ನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 6.8 ಇರಬೇಕು.

ಇಲ್ಲಿ ನಮ್ಮ ಜಿಲ್ಲೆಯ ಕಥೆ ಬರುತ್ತದೆ. ಬಾಗಲಕೋಟೆ, ಲೋಕಾಪುರ, ಮುಧೋಳ ಸುತ್ತಮುತ್ತ ನೆಲದಲ್ಲಿ ಸುಣ್ಣದ ಕಲ್ಲು ಇದೆ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಅನೇಕ ಕಡೆ ಬೋರ್‌ವೆಲ್ ನೀರು ಗಡಸು. ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಬೇರೆ ಊರಿನ ವಿಡಿಯೋದಲ್ಲಿ ಯಾರೋ "ನಲ್ಲಿ ನೀರು ಹಾಕಿದರೂ ನಡೆಯುತ್ತದೆ" ಎಂದು ಹೇಳಿರುತ್ತಾರೆ. ಅವರ ಊರಲ್ಲಿ ನಡೆಯುತ್ತಿರಬಹುದು. ಇಲ್ಲಿ ಅದನ್ನೇ ಮಾಡಿದರೆ ಕ್ಷಾರ ಜಾಸ್ತಿಯಾಗಿ ಎಲ್ಲಾ ನೀಲಿಯಾಗುತ್ತದೆ. ಕೆಂಪು ಕಣ ಬೂದಿ ಬಣ್ಣಕ್ಕೆ ತಿರುಗುತ್ತದೆ, ಬಿಳಿ ಕಣದ ಇನ್ನೊಂದು ಬಗೆಯಾದ ಇಯೊಸಿನೊಫಿಲ್‌ನ ಕಿತ್ತಳೆ ಹರಳುಗಳು ಕಪ್ಪಗಾಗುತ್ತವೆ. ಇಯೊಸಿನೊಫಿಲ್ ಯಾವುದು, ನ್ಯೂಟ್ರೋಫಿಲ್ ಯಾವುದು ಎಂದೇ ತಿಳಿಯದಂತಾಗುತ್ತದೆ. ಪಿಎಚ್ ಕಡಿಮೆಯಾದರೆ ಎಲ್ಲಾ ಗುಲಾಬಿ, ನ್ಯೂಕ್ಲಿಯಸ್ ಮಸುಕು.

ಇನ್ನೊಂದು, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಆ ಒಣ ಬಿಸಿಲಿಗೆ ಮೆಥನಾಲ್ ಬೇಗ ಆರುತ್ತದೆ. ವಿಡಿಯೋದಲ್ಲಿ ಹೇಳಿದಷ್ಟೇ ಹನಿ ಹಾಕಿ, ಫ್ಯಾನ್ ಕೆಳಗೆ ಸ್ಲೈಡ್ ಬಿಟ್ಟರೆ ಎರಡು ನಿಮಿಷ ತುಂಬುವ ಮೊದಲೇ ಸ್ಟೇನ್ ಒಣಗಿ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಹೊಸಬರಿಗೆ ಆ ಚುಕ್ಕೆಗಳು ಪ್ಲೇಟ್ಲೆಟ್ ಹಾಗೆಯೋ ಮಲೇರಿಯಾ ಹಾಗೆಯೋ ಕಾಣುತ್ತವೆ. ಫ್ಯಾನ್ ಆರಿಸಿ, ಹನಿ ಸ್ವಲ್ಪ ಹೆಚ್ಚು ಹಾಕಿ, ಮೇಲೆ ಒಂದು ಪೆಟ್ರಿ ಡಿಶ್ ಮುಚ್ಚಿದರೆ ಸಾಕು. ಇದು ನನಗೆ ಯಾವ ಪುಸ್ತಕವೂ ಹೇಳಲಿಲ್ಲ. ಹಳೆಯ ಟೆಕ್ನಿಷಿಯನ್ ಒಬ್ಬರು ಬೈದು ಹೇಳಿಕೊಟ್ಟರು.

ಆನ್‌ಲೈನ್ ಪಾಠ ಎಲ್ಲೋ ಒಂದು ಕಡೆ, ಒಬ್ಬರ ಲ್ಯಾಬಿನಲ್ಲಿ, ಅವರ ನೀರಿನಲ್ಲಿ ತಯಾರಾಗುತ್ತದೆ. ಅದನ್ನು ನಮ್ಮ ಊರಿಗೆ ಹೊಂದಿಸಿಕೊಡುವ ಒಬ್ಬರು ಇಲ್ಲೇ ಇರಬೇಕು.

ಮನೆಯಲ್ಲಿ ಕೂತು ಕೈ ಪಳಗಿಸಬಹುದಾ ಎಂದು ಹುಡುಗರು ಕೇಳುತ್ತಾರೆ. ಒಂದಿಷ್ಟು ಆಗುತ್ತದೆ. ತೆಳು ಗಂಜಿಗೆ ಕೆಂಪು ಬಣ್ಣ ಕಲಸಿ ಗಾಜಿನ ಮೇಲೆ ಎಳೆದು ನೋಡಿ. ರಕ್ತದ ಹಾಗೆ ಪೂರ್ತಿ ಬರುವುದಿಲ್ಲ, ಆದರೆ ಕೋನವೂ ವೇಗವೂ ಕೈಗೆ ಕೂರುತ್ತವೆ. ಮನೆಯಲ್ಲಿ ಯಾರಿಗೂ ಸೂಜಿ ಚುಚ್ಚಬೇಡಿ. ಗಾಜಿನ ಮೇಲೆ ಎಳೆದ ಸ್ಮಿಯರನ್ನು ಬಿಳಿ ಹಾಳೆಯ ಮುಂದೆ ಹಿಡಿದು ಫೋಟೊ ಕಳಿಸಿದರೆ, ದಪ್ಪ ಎಲ್ಲಿ, ನಡುಗಿದ್ದು ಎಲ್ಲಿ, ನಡುವೆ ನಿಂತದ್ದು ಎಲ್ಲಿ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಒಂದು ಫೋಟೊ, ಎರಡು ಸಾಲು ಉತ್ತರ. ನನ್ನ ಅನುಭವದಲ್ಲಿ ಒಂದು ಗಂಟೆಯ ಲೈವ್ ಕ್ಲಾಸಿಗಿಂತ ಇದರಿಂದ ಕಲಿತದ್ದು ಜಾಸ್ತಿ.

ಫೋಟೊ ಕಳಿಸುವಾಗ ಮೂರು ಎಚ್ಚರ. ವಾಟ್ಸ್‌ಆಪ್ ಫೋಟೊವನ್ನು ಕುಗ್ಗಿಸುತ್ತದೆ, ಸಣ್ಣ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ನೋಡುವವರು ಫೋನಿನ ಕಣ್ಣಿಗೆ ತಂಪು ಕೊಡುವ ಹಳದಿ ಬೆಳಕಿನ ಮೋಡ್ ಆಫ್ ಮಾಡಿರಬೇಕು. ಅದು ಆನ್ ಇದ್ದರೆ ನೀಲಿಯೆಲ್ಲ ಬೂದು ಆಗಿ ಬಣ್ಣದ ಮೇಲಿನ ಪಾಠ ಪೂರ್ತಿ ತಪ್ಪುತ್ತದೆ. ಇನ್ನು, ರೋಗಿಯ ಹೆಸರು, ನಂಬರು ಬರೆದ ಲೇಬಲ್ ಯಾವತ್ತೂ ಫೋಟೊದಲ್ಲಿ ಬರಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಪರದೆ ನಮಗಿಂತ ಚೆನ್ನಾಗಿ ಕಲಿಸುವುದು

ಇಷ್ಟು ಹೇಳಿದೆ ಎಂದು ನಾನು ಆನ್‌ಲೈನ್‌ಗೆ ವಿರೋಧ ಅಂದುಕೊಳ್ಳಬೇಡಿ. ಕೆಲವು ಪಾಠಗಳನ್ನು ಲ್ಯಾಬ್ ಬೆಂಚಿನಲ್ಲಿ ಕಲಿಸುವುದೇ ಕಷ್ಟ. ಅಪರೂಪದ್ದು ಬೇಕಾದಾಗ ಬರುವುದಿಲ್ಲ, ಅದಕ್ಕೇ.

ಬೆಳಗಾವಿಯ ಜೆಎನ್‌ಎಂಸಿ 1963ರಿಂದ ನಡೆಯುತ್ತಿರುವ ಕಾಲೇಜು. ವಿಜಯಪುರದಲ್ಲಿ ಬಿ.ಎಂ. ಪಾಟೀಲ ಮತ್ತು ಅಲ್-ಅಮೀನ್, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜುಗಳಿವೆ. ಇಂಥ ದೊಡ್ಡ ಆಸ್ಪತ್ರೆಗಳ ಜೊತೆಗೆ ಇರುವ ಲ್ಯಾಬುಗಳಿಗೆ ಬಗೆಬಗೆಯ ಕೇಸು ಬರುತ್ತವೆ. ತಾಲೂಕು ಊರಿನ ಸಣ್ಣ ಲ್ಯಾಬಿನಲ್ಲಿ ಪೋಸ್ಟಿಂಗ್ ಮಾಡುವ ಹುಡುಗನಿಗೆ ಅಕ್ಯೂಟ್ ಲ್ಯುಕೇಮಿಯಾದ ಬ್ಲಾಸ್ಟ್ ಕಣ ಆರು ತಿಂಗಳಲ್ಲಿ ಒಮ್ಮೆಯೂ ಸಿಗದೆ ಇರಬಹುದು. ಬಾಳೆಹಣ್ಣಿನ ಆಕಾರದ ಫಾಲ್ಸಿಪಾರಂ ಗ್ಯಾಮಿಟೋಸೈಟ್ ಕೂಡ ಹಾಗೇ. ಡಿಜಿಟಲ್ ಸಂಗ್ರಹ ಇದ್ದರೆ ಒಂದೇ ಸಂಜೆ ಇಂಥ ಇಪ್ಪತ್ತು ನೋಡಬಹುದು. ಮುಂದೆ ಎಂದೋ ಒಂದು ರಾತ್ರಿ ಡ್ಯೂಟಿಯಲ್ಲಿ ಅದು ಕಣ್ಣಿಗೆ ಬಿದ್ದಾಗ "ಇದು ಮಾಮೂಲಿ ಅಲ್ಲ" ಎಂದು ನಿಲ್ಲುವಷ್ಟಾದರೂ ಗುರುತು ಸಿಗುತ್ತದೆ.

ತಪ್ಪುಗಳ ಪಾಠವೂ ಪರದೆಯಲ್ಲೇ ಚೆನ್ನ. ಲ್ಯಾಬಿನಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಮಶೀನಿನ ಒಳಗೆ ಆಗುವುದಿಲ್ಲ. ರಕ್ತ ತೆಗೆಯುವಾಗ, ಟ್ಯೂಬಿಗೆ ಹಾಕುವಾಗ, ಹೆಸರು ಬರೆಯುವಾಗ ಆಗುತ್ತವೆ. ನಾನು ಕೊಡುವ ಒಂದು ಕೇಸ್ ಹೀಗಿದೆ. ರೋಗಿಯ ಪೊಟ್ಯಾಸಿಯಂ 11 ಬಂದಿದೆ. ನಾರ್ಮಲ್ 3.5ರಿಂದ 5ರ ಆಸುಪಾಸು. ಕ್ಯಾಲ್ಸಿಯಂ 3 ಬಂದಿದೆ. ನಾರ್ಮಲ್ 8.5ರಿಂದ 10.5. ಈ ನಂಬರು ನಿಜವಾಗಿದ್ದರೆ ಹೃದಯ ನಿಲ್ಲುವ ಸ್ಥಿತಿ. ಆದರೆ ರೋಗಿ ಕೌಂಟರ್ ಮುಂದೆ ನಿಂತು "ರಿಪೋರ್ಟ್ ಆತೇನ್ರಿ" ಎಂದು ಕೇಳುತ್ತಿದ್ದಾರೆ. ಏನಾಗಿದೆ?

ಯೋಚಿಸಲು ಒಂದು ದಿನ ಕೊಡುತ್ತೇನೆ. ಉತ್ತರ ನೇರಳೆ ಮುಚ್ಚಳದ ಟ್ಯೂಬಿನಲ್ಲಿದೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಇಡಿಟಿಎ ಎಂಬ ಪುಡಿ ಇರುತ್ತದೆ. ಅದು ಪೊಟ್ಯಾಸಿಯಂ ಲವಣ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಆ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವ ಕೆಂಪು ಮುಚ್ಚಳದ ಸೀರಮ್ ಟ್ಯೂಬಿಗೆ ರಕ್ತ ಸಾಲದೆ ಬಂದಾಗ ಯಾರೋ ನೇರಳೆ ಟ್ಯೂಬಿನಿಂದ ಸ್ವಲ್ಪ ಸುರಿದಿದ್ದಾರೆ. ಪೊಟ್ಯಾಸಿಯಂ ಏರಿತು, ಕ್ಯಾಲ್ಸಿಯಂ ಇಳಿಯಿತು. ಎರಡೂ ಒಟ್ಟಿಗೆ ಕಂಡರೆ ಮೊದಲು ಟ್ಯೂಬನ್ನು ಅನುಮಾನಿಸಬೇಕು. ರಕ್ತ ತುಂಬುವಾಗ ಟ್ಯೂಬುಗಳಿಗೆ ಒಂದು ಕ್ರಮ ಇರುವುದೂ, ಇಡಿಟಿಎ ಟ್ಯೂಬ್ ಸೀರಮ್ ಟ್ಯೂಬಿನ ನಂತರವೇ ಬರುವುದೂ ಇದೇ ಕಾರಣಕ್ಕೆ. ಈ ತಪ್ಪನ್ನು ನಿಜವಾದ ರೋಗಿಯ ಮೇಲೆ ಮಾಡಿ ತೋರಿಸಲಾಗುವುದಿಲ್ಲ ಅಲ್ವಾ? ಪರದೆಯ ಮೇಲೆ ಹತ್ತು ಸಲ ತಪ್ಪಿದರೂ ಯಾರಿಗೂ ನೋವಿಲ್ಲ.

ಕ್ವಾಲಿಟಿ ಕಂಟ್ರೋಲ್ ಕೂಡ ಹೀಗೇ. ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು 1950ರಲ್ಲಿ ತಂದ ಚಾರ್ಟನ್ನು ಲ್ಯಾಬುಗಳು ಇವತ್ತಿಗೂ ಬಳಸುತ್ತವೆ. ಉತ್ತರ ಮೊದಲೇ ಗೊತ್ತಿರುವ ಒಂದು ಸ್ಯಾಂಪಲನ್ನು ದಿನಾ ಮಶೀನಿಗೆ ಹಾಕಿ, ಬಂದ ನಂಬರನ್ನು ಚಾರ್ಟಿನಲ್ಲಿ ಚುಕ್ಕೆ ಇಡುತ್ತೇವೆ. ಗ್ಲೂಕೋಸ್ ಕಂಟ್ರೋಲಿನ ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಷನ್ (ಸಾಮಾನ್ಯ ಏರಿಳಿತದ ಅಳತೆ) 3 ಅಂತ ಇಟ್ಟುಕೊಳ್ಳಿ. ಅದರ ಮೂರು ಪಟ್ಟು ಎರಡೂ ಕಡೆ ಬಿಟ್ಟರೆ 91ರಿಂದ 109 ನಮ್ಮ ಬೇಲಿ. ಇವತ್ತು 110 ಬಂದರೆ ರಿಪೋರ್ಟ್ ಕೊಡುವುದು ನಿಲ್ಲಿಸಿ ಕಾರಣ ಹುಡುಕಬೇಕು. ಇದು ಎಲ್ಲರಿಗೂ ತಿಳಿಯುತ್ತದೆ. 101, 103, 102, 104 ಎಂದು ಹತ್ತು ದಿನ ಸತತವಾಗಿ ಮೇಲೆಯೇ ಬಂದರೆ? ಒಂದು ಚುಕ್ಕೆಯೂ ಬೇಲಿ ದಾಟಿಲ್ಲ. ಆದರೂ ಮಶೀನು ಒಂದು ಕಡೆ ವಾಲಿದೆ. ರೀಏಜೆಂಟ್ ಹಳತಾಗಿರಬಹುದು, ಲ್ಯಾಂಪ್ ಸೋತಿರಬಹುದು. ವೆಸ್ಟ್‌ಗಾರ್ಡ್ 1981ರಲ್ಲಿ ಕೊಟ್ಟ ನಿಯಮಗಳು ಇಂಥದ್ದನ್ನು ಹಿಡಿಯಲಿಕ್ಕೇ ಇವೆ. ಬೆಂಚಿನಲ್ಲಿ ಈ ವಾಲುವಿಕೆ ನೋಡಬೇಕಾದರೆ ಹತ್ತು ದಿನ ಕಾಯಬೇಕು, ಅದೂ ಆ ತಿಂಗಳು ಮಶೀನು ಕೆಟ್ಟರೆ. ಪರದೆಯಲ್ಲಿ ಒಂದು ವರ್ಷದ ಚಾರ್ಟನ್ನು ಅರ್ಧ ಗಂಟೆಯಲ್ಲಿ ಓಡಿಸಿ ತೋರಿಸಬಹುದು.

ಬಯೋಮೆಡಿಕಲ್ ಕಸದ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳ ಪಾಠಕ್ಕೂ ಫೋನ್ ಸಾಕು. ನ್ಯೂಬಾರ್ ಚೇಂಬರ್ ಎಂಬ ಚೌಕಗಳ ಗೆರೆ ಎಳೆದ ಗಾಜಿನಲ್ಲಿ ಎಣಿಸಿದ ಬಿಳಿ ಕಣವನ್ನು 50ರಿಂದ ಯಾಕೆ ಗುಣಿಸುತ್ತೇವೆ ಎಂಬ ಲೆಕ್ಕವೂ ಒಂದು ಅನಿಮೇಷನ್‌ನಲ್ಲಿ ಮುಗಿಯುತ್ತದೆ. ಇವನ್ನೆಲ್ಲ ಮನೆಯಲ್ಲಿ ನೋಡಿಕೊಂಡು ಬಂದರೆ, ಲ್ಯಾಬಿನಲ್ಲಿ ಸಿಗುವ ಕಡಿಮೆ ಹೊತ್ತು ಪೂರ್ತಿ ಮೈಕ್ರೋಸ್ಕೋಪಿಗೆ, ಸೂಜಿಗೆ, ಪಿಪೆಟ್ಟಿಗೆ ಸಿಗುತ್ತದೆ. ಒಂದು ಮೈಕ್ರೋಸ್ಕೋಪಿಗೆ ನಾಲ್ಕೈದು ಜನ ಕಾಯುವ ಕಡೆ ಇದು ಸಣ್ಣ ಲಾಭ ಅಲ್ಲ.

ಯಾವ ಭಾಷೆಯಲ್ಲಿ?

ನಮ್ಮ ಹುಡುಗರಲ್ಲಿ ತುಂಬಾ ಜನ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಬೆಳಗಾವಿಯಲ್ಲಿ ಮರಾಠಿ ಮನೆಮಾತಿನವರು, ವಿಜಯಪುರದಲ್ಲಿ ಉರ್ದು ಮನೆಮಾತಿನವರೂ ಕ್ಲಾಸಿನಲ್ಲಿ ಇರುತ್ತಾರೆ. ಪುಸ್ತಕ ಇಂಗ್ಲಿಷಿನಲ್ಲಿ. ಒಳ್ಳೆಯ ವಿಡಿಯೋಗಳು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ. ಮಶೀನಿನ ಅನುವಾದ ಹಾಕಿಕೊಂಡರೆ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಎಂಬುದು "ರಕ್ತ ಸಂಸ್ಕೃತಿ" ಆಗುತ್ತದೆ. ಮೊದಲ ವರ್ಷದ ಹುಡುಗ ಅದನ್ನು ಹಾಗೇ ಬರೆದುಕೊಳ್ಳುತ್ತಾನೆ.

ಪದ ಇಂಗ್ಲಿಷಿನದ್ದೇ ಇರಲಿ. ಡಾಕ್ಟರು ಓದುವ ರಿಪೋರ್ಟಿನಲ್ಲಿ ಅದೇ ಬರೆಯಬೇಕು. ಅರ್ಥ ಮಾತ್ರ ತನ್ನ ಮಾತಿನಲ್ಲಿ ಕೂರಬೇಕು. ಎನಿಸೋಸೈಟೋಸಿಸ್ ಅಂದರೆ ಕಣಗಳು ಒಂದೇ ಸೈಜಿನಲ್ಲಿ ಇಲ್ಲ. ಹಿಮೋಲೈಸಿಸ್ ಅಂದರೆ ಕೆಂಪು ಕಣ ಒಡೆದು ಒಳಗಿನದ್ದು ಹೊರಗೆ ಬಂದಿದೆ, ಹಾಗಾಗಿ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಹೀಗೆ ಎರಡು ಸಾಲಿನಲ್ಲಿ ಹೇಳುವ ಚಿಕ್ಕ ಕನ್ನಡ ಆಡಿಯೊಗಳು ದೊಡ್ಡ ಖರ್ಚಿನ ಕೆಲಸವೇನಲ್ಲ. ಆಡಿಯೊ ಸಣ್ಣ ಫೈಲು, ನೆಟ್ ಕಡಿಮೆ ಇದ್ದರೂ ಹೋಗುತ್ತದೆ. ಬಸ್ಸಿನಲ್ಲಿ ಕೂತು ಕೇಳಬಹುದು. ಕಲಿಸುವವರು ಇದನ್ನು ಮಾಡಲೇಬೇಕು ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ತಂದೆ ತಾಯಿಗೆ ಒಂದು ಮಾತು

ಆನ್‌ಲೈನ್‌ನಲ್ಲಿ ಕಲಿಯುವುದು ಬೇರೆ, ಆನ್‌ಲೈನ್ ಡಿಗ್ರಿ ಬೇರೆ. "ಮನೆಯಲ್ಲೇ ಕೂತು ಲ್ಯಾಬ್ ಟೆಕ್ನಿಷಿಯನ್ ಆಗಿ" ಎಂಬ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕೇಂದ್ರ ಕಾಯ್ದೆಯಲ್ಲಿ ಮೆಡಿಕಲ್ ಲ್ಯಾಬ್ ವೃತ್ತಿಯೂ ಸೇರಿದೆ. ಈ ಕಾಯ್ದೆಯಡಿ ಬರುವ ಕೋರ್ಸುಗಳನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ನಡೆಸಬಾರದು ಎಂದು ಯುಜಿಸಿ 2025ರಲ್ಲಿ ಹೇಳಿದೆ. ಸೇರುವ ಮೊದಲು ಕಾಲೇಜಿಗೆ ಹೋಗಿ ಲ್ಯಾಬ್ ತೋರಿಸಿ ಎನ್ನಿ. ಎಷ್ಟು ಮೈಕ್ರೋಸ್ಕೋಪ್ ಇವೆ, ಅವುಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ, ಯಾವ ಆಸ್ಪತ್ರೆಗೆ ಪೋಸ್ಟಿಂಗ್ ಕಳಿಸುತ್ತೀರಿ, ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತವೆ ಎಂದು ಕೇಳಿ. ಸುಮ್ನೆ ಮುಜುಗರ ಪಡಬೇಡಿ.

ರೆಪ್ಪೆಗೂದಲು ನೋಡಿ ಹೆದರಿದ ಹುಡುಗಿ ಆಮೇಲೆ ದಿನಾ ಅರ್ಧ ಗಂಟೆ ಮೊದಲೇ ಲ್ಯಾಬಿಗೆ ಬರತೊಡಗಿದಳು. ಮೊದಲು 10 ಎಕ್ಸ್‌ನಲ್ಲಿ ಸ್ಮಿಯರ್‌ನ ಅಂಚು ಹಿಡಿಯುವುದು, ಅಲ್ಲಿಂದ ಒಳಗೆ ಸರಿದು ಕೆಂಪು ಕಣಗಳು ಒಂದಕ್ಕೊಂದು ತಾಗದ ಜಾಗ ಹುಡುಕುವುದು, ಆಮೇಲೆ ಎಣ್ಣೆ. ಮೂರನೇ ವಾರ ಅವಳೇ ಎಳೆದು, ಅವಳೇ ಸ್ಟೇನ್ ಮಾಡಿದ ಸ್ಲೈಡಿನಲ್ಲಿ ನೂರು ಕಣ ಎಣಿಸಿದಳು. ಈಗ ನಮ್ಮ ಜಿಲ್ಲೆಯಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹೊಸ ಬ್ಯಾಚಿನ ಗ್ರೂಪಿನಲ್ಲಿ ಅವಳನ್ನೂ ಸೇರಿಸಿದ್ದೇನೆ. ಕಳೆದ ಬೇಸಿಗೆಯಲ್ಲಿ ಬೀಳಗಿ ಕಡೆಯ ಹುಡುಗನೊಬ್ಬ ನೀಲಿ ನೀಲಿಯಾದ ಸ್ಮಿಯರ್ ಫೋಟೊ ಹಾಕಿ "ಇದು ಯಾವ ರೋಗ" ಎಂದು ಕೇಳಿದ್ದ. ನಾನು ನೋಡುವ ಮೊದಲೇ ಅವಳ ವಾಯ್ಸ್ ಮೆಸೇಜ್ ಬಂದಿತ್ತು: "ತಮ್ಮಾ, ರೋಗ ಏನಿಲ್ಲ. ಬೋರಿನ ನೀರ್ ಹಾಕೀಯಲ್ಲ? ಬಫರ್ ಮಾಡ್ಕೊಂಡ್ ಇನ್ನೊಂದ್ ಸ್ಲೈಡ್ ಹಾಕು. ಫ್ಯಾನ್ ಆರಿಸು."